ರಾಷ್ಟ್ರಾಭಿಮಾನವು ಸಮತೆ-ಶಾಂತಿಗಳೊಡನೆ ಬಾಳಬಲ್ಲುದೇ?

(ಶಿಕ್ಷಕರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯ ಚಾಲಕರು ಹದಿನೈದು ದಿನಗಳ ಹಿಂದೆ ನಮ್ಮ ಮನೆಗೆ ದಯಮಾಡಿಸಿ, ರಾಷ್ಟ್ರಾಭಿಮಾನವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕೇಳಿಕೊಂಡರು. ಈ ವಿಷಯದ ಮೇಲೆ ಮಾತನಾಡುವದು ನಮಗೆ ಹೊಸದಲ್ಲ. ನಾಡಹಬ್ಬಗಳಲ್ಲಿ, ರಾಜ್ಯೋತ್ಸವಗಳಲ್ಲಿ ಎಷ್ಟೋ ಸಾರೆ ಗಂಟಲು ಹರಿಯುವಂತೆ ಮಾತನಾಡಿದ್ದೇವೆ, ಚಪ್ಪಾಳೆಗಳನ್ನೂ ಪಡೆದಿದ್ದೇವೆ. ಆದರೆ ಚಾಲಕರ ಸಂಗಡ ಬಂದಿದ್ದ ತರುಣ ಮಾಸ್ತರರೊಬ್ಬರು ಹೊರಡುವಾಗ ಹೊಸ್ತಿಲಲ್ಲಿ ನಿಂತು ಒಂದು ಮಾತು ಕೇಳಿದರು. ಅವರ ಸಾಲೆಯು ಗಡಿನಾಡಿನಲ್ಲಿದೆ. "ಹಬ್ಬದ ದಿವಸ ಹುಡುಗರಿಂದ ನಾಡಿನ ಜಯಘೋಷ ಮಾಡಿಸುತ್ತೇವೆ. ಮನೆಯಲ್ಲಿ ಬೇರೆ ಮಾತಾಡುವ ಮಕ್ಕಳು ನಾಲ್ಕೈದು ಜನ ಇದ್ದಾರೆ. ಅವರೂ ಎಲ್ಲರಂತೆ ಬಾಯಿ ತೆರೆಯುತ್ತಾರೆ, ಆದರೆ ದನಿ ಬರುವುದಿಲ್ಲ. ನಾವು ಮಾಡುತ್ತಿರುವುದು ಸರಿಯೇ?" ಎಂದರು. ನಮಗೆ ಒಮ್ಮೆಲೆ ಉತ್ತರ ಹೊಳೆಯಲಿಲ್ಲ. ವಕೀಲನ ಬಾಯಿಗೆ ಉತ್ತರ ಬಾರದಿರುವದು ಅಪರೂಪದ ಸಂಗತಿ. ಆದುದರಿಂದ ಇಂದಿನ ಭಾಷಣವು ಆ ತರುಣರಿಗೆ ಸಲ್ಲಬೇಕಾದ ಬಾಕಿಯೆಂದು ತಿಳಿಯಿರಿ.

ರಾಷ್ಟ್ರಾಭಿಮಾನದ ವಿಷಯದಲ್ಲಿ ವಿದ್ಯಾವಂತರು ಎರಡು ಪಂಗಡವಾಗಿದ್ದಾರೆ. ಇದು ದೇವರು ಕೊಟ್ಟ ಅಮೃತ, ಇದಿಲ್ಲದ ಜನವು ಹೆಣವೆಂದು ಒಂದು ಪಂಗಡ. ಇದು ವಿಷ, ಇದರಿಂದಲೇ ಎರಡು ಮಹಾಯುದ್ಧಗಳಾದವು, ಮನುಷ್ಯನು ಮನುಷ್ಯನನ್ನು ಕೀಳೆಂದು ಕಾಣುವದಕ್ಕೆ ಇದೇ ಮೂಲವೆಂದು ಇನ್ನೊಂದು ಪಂಗಡ. ರವೀಂದ್ರನಾಥ ಠಾಕೂರರು 1916ರಲ್ಲಿ ಜಪಾನಿಗೂ ಅಮೇರಿಕೆಗೂ ಹೋಗಿ, ಮಹಾಯುದ್ಧದ ಬೆಂಕಿ ಉರಿಯುತ್ತಿರುವಾಗಲೇ, ಈ ವಿಷದ ಮಾತನ್ನು ನಿರ್ಭಯವಾಗಿ ಹೇಳಿದರು. ಆ ಉಪನ್ಯಾಸಗಳು 1917ರಲ್ಲಿ ಪುಸ್ತಕವಾಗಿ ಹೊರಟವು. ಅದೇ 1917ರಲ್ಲಿಯೇ ನಮ್ಮ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ'ವೂ ಹೊರಟಿತು. ಒಂದು ಪುಸ್ತಕವು ಮಲಗಿದವರನ್ನು ಎಬ್ಬಿಸುವದಕ್ಕೆ, ಇನ್ನೊಂದು ಎದ್ದು ಕುಣಿಯುವವರನ್ನು ತಡೆಯುವದಕ್ಕೆ! ಎರಡನ್ನೂ ಒಂದೇ ಕಪಾಟಿನಲ್ಲಿಟ್ಟು ಓದಿದವರು ನಾವು. ಒಂದನ್ನು ಹಿಡಿದು ಇನ್ನೊಂದನ್ನು ಒಗೆಯಲು ನಮಗೆ ಮನಸ್ಸಿಲ್ಲ.

ಶಬ್ದಗಳ ಮೇಲೆ ಜಗಳಾಡುವದಕ್ಕಿಂತ ಒಂದು ಖಟ್ಲೆಯನ್ನು ತೆಗೆದುಕೊಂಡು ಅದರ ಕಾಗದಪತ್ರಗಳನ್ನು ನೋಡುವದು ನಮ್ಮ ವೃತ್ತಿಯ ಪದ್ಧತಿ. ಅದಕ್ಕಾಗಿ ಇಂದು ನಾವು ನಿಮ್ಮನ್ನು ಯುರೋಪಖಂಡದ ಬಡಗಣ ತುದಿಗೆ, ನಾರ್ವೆ ದೇಶಕ್ಕೆ ಕರೆದುಕೊಂಡು ಹೋಗುವೆವು. ಅಷ್ಟು ದೂರವೇಕೆಂದರೆ, ರಾಷ್ಟ್ರಾಭಿಮಾನವು ತೋರಿಸಬಹುದಾದ ಅತ್ಯುತ್ತಮವಾದ ನಡತೆಯನ್ನೂ ಅತಿ ಸಣ್ಣದಾದ ನಡತೆಯನ್ನೂ ಆ ಒಂದೇ ಜನವು ಒಂದೇ ಕಾಲದಲ್ಲಿ ತೋರಿಸಿಕೊಟ್ಟಿದೆ. ಮೇಲಾಗಿ ಅವರ ಕಥೆಯ ಮೊದಲ ಅಧ್ಯಾಯವು ನಮ್ಮ ಕಥೆಯಂತೆಯೇ ಇದೆ.

ನಾರ್ವೆಯು ನಾಲ್ಕು ನೂರು ವರುಷಗಳಿಗಿಂತ ಹೆಚ್ಚು ಕಾಲ ಡೆನ್ಮಾರ್ಕಿಗೆ ಗಂಟುಬಿದ್ದಿತ್ತು. ಕಚೇರಿಯ ಭಾಷೆ ಡೇನಿಶ್, ಇಗರ್ಜಿಯ ಭಾಷೆ ಡೇನಿಶ್, ಪುಸ್ತಕದ ಭಾಷೆಯೂ ಡೇನಿಶ್. ನಾಡಿನ ಮಾತು ಒಕ್ಕಲಿಗರ ಹಟ್ಟಿಗಳಲ್ಲಿ ಉಳಿದಿತ್ತು. 1814ರಲ್ಲಿ ಡೆನ್ಮಾರ್ಕಿನ ಅರಸನು ಯುದ್ಧದಲ್ಲಿ ಸೋತು, ಮನೆಯ ಎಮ್ಮೆಯನ್ನು ಸಾಲಕ್ಕೆ ಬಿಟ್ಟುಕೊಟ್ಟಂತೆ, ನಾರ್ವೆಯನ್ನು ಸ್ವೀಡನ್ನಿನ ಅರಸನಿಗೆ ಬರೆದುಕೊಟ್ಟನು. ನಾರ್ವೆಯವರು ಸುಮ್ಮನೆ ಕೂಡಲಿಲ್ಲ. ಐಡ್ಸ್‌ವೋಲ್ ಎಂಬಲ್ಲಿ ಕೂಡಿ ಮೇ 17ರಂದು ತಮ್ಮ ರಾಜ್ಯಘಟನೆಯನ್ನು ತಾವೇ ಬರೆದುಕೊಂಡರು. ಸ್ವೀಡನ್ನು ದಂಡೆತ್ತಿ ಬಂದಿತು. ಸ್ವಲ್ಪ ದಿನ ಕಾದಾಡಿ, ಕಡೆಗೆ ಅರಸನೊಬ್ಬನೇ, ಆದರೆ ಪಾರ್ಲಿಮೆಂಟು ಬೇರೆ, ಕಾಯದೆ ಬೇರೆ ಎಂಬ ಕರಾರಿಗೆ ಬಂದರು.

ಇನ್ನು ಭಾಷೆಯ ಮಾತು. ಇವಾರ್ ಓಸೆನ್ ಎಂಬ ಬಡ ರೈತನ ಮಗನು ಊರೂರು ತಿರುಗಿ ಒಕ್ಕಲಿಗರ ಮಾತುಗಳನ್ನು ಕೂಡಿಹಾಕಿ, 1848ರಲ್ಲಿ ವ್ಯಾಕರಣವನ್ನೂ 1850ರಲ್ಲಿ ನಿಘಂಟನ್ನೂ ಪ್ರಕಟಿಸಿದನು. ಹಟ್ಟಿಯ ಮಾತಿಗೂ ಒಂದು ವ್ಯಾಕರಣವುಂಟೆಂದು ಪೇಟೆಯ ಜನರಿಗೆ ತಿಳಿದದ್ದು ಆಗಲೇ. 1885ರಲ್ಲಿ ಅವರ ಪಾರ್ಲಿಮೆಂಟು, ಅದಕ್ಕೆ ಸ್ಟೋರ್ಟಿಂಗ್ ಎಂದು ಹೆಸರು, ಈ ನಾಡಮಾತಿಗೆ ಪುಸ್ತಕದ ಭಾಷೆಯೊಡನೆ ಸಮಾನಸ್ಥಾನವನ್ನು ಕೊಟ್ಟು ಠರಾವು ಮಾಡಿತು. ಕನ್ನಡಿಗನಾದವನು ಇದನ್ನು ಓದುವಾಗ ಮೈ ಜುಮ್ಮೆನ್ನದೆ ಇರದು. ಬೆಳಗಾವಿ-ಧಾರವಾಡಗಳ ಕನ್ನಡ ಮಕ್ಕಳು ಮರಾಠಿ ಸಾಲೆಯಲ್ಲಿ ಅಕ್ಷರ ಕಲಿಯಬೇಕಾದ ಕಾಲವು ನಮ್ಮಲ್ಲಿಯೂ ಇತ್ತಷ್ಟೆ!

ಮುಂದೆ ಸಂಬಂಧವು ಮುರಿದದ್ದು ಒಂದು ಸಣ್ಣ ವಿಷಯಕ್ಕೆ. ನಾರ್ವೆಯದು ದೊಡ್ಡ ಹಡಗುಗಳ ವ್ಯಾಪಾರ; ಪರದೇಶದ ಬಂದರುಗಳಲ್ಲಿ ತಮ್ಮವೇ ಆದ ವ್ಯಾಪಾರಪ್ರತಿನಿಧಿಗಳು ಬೇಕೆಂದು ಅವರು ಕೇಳಿದರು. 1905ರಲ್ಲಿ ಸ್ಟೋರ್ಟಿಂಗ್ ಆ ಬಗ್ಗೆ ಕಾಯದೆ ಮಾಡಲು, ಓಸ್ಕರ್ ಅರಸನು ಅದಕ್ಕೆ ಸಹಿ ಮಾಡಲಿಲ್ಲ. ಮಂತ್ರಿಗಳು ರಾಜೀನಾಮೆ ಕೊಟ್ಟರು. ಬೇರೆ ಮಂತ್ರಿಮಂಡಲವನ್ನು ಕಟ್ಟಲು ಅರಸನಿಗೆ ಆಗಲಿಲ್ಲ. ಆಗ ಸ್ಟೋರ್ಟಿಂಗ್ ಜೂನ್ 7ರಂದು ಹೇಳಿದ್ದೇನು? ಮಂತ್ರಿಮಂಡಲವಿಲ್ಲದ ಅರಸನು ಅರಸನ ಕೆಲಸ ಮಾಡಲಾರನು; ಅರಸುತನವು ನಿಂತ ಮೇಲೆ ಒಬ್ಬ ಅರಸನ ಕೈಕೆಳಗಿನ ಸಂಬಂಧವೂ ನಿಂತಿತು. ಇಂಥ ಚೆಂದದ ವಾದವನ್ನು ನಾವು ಯಾವ ಕೋರ್ಟಿನಲ್ಲಿಯೂ ಕೇಳಿಲ್ಲ.

ಎರಡೂ ದೇಶಗಳು ಗಡಿಗೆ ದಂಡು ಕಳಿಸಿದವು. ಸ್ವೀಡನ್ನಿನಲ್ಲಿ ಅವಮಾನವಾಯಿತೆಂದು ಹಲ್ಲು ಕಡಿಯುವವರು ಬಹಳ ಜನರಿದ್ದರು. ಆದರೆ ಅಲ್ಲಿಯ ಕಾರ್ಮಿಕ ಪಕ್ಷವು ಯುದ್ಧ ಬೇಡವೆಂದು ಬೀದಿಗಿಳಿಯಿತು. ಹೋಗ್ಲಂಡ್ ಎಂಬ ತರುಣನು ಆಯುಧಗಳನ್ನು ಕೆಳಗಿಡಿರೆಂದು ಪತ್ರಕ ಬರೆದು ಸೆರೆಮನೆ ಸೇರಿದನು. ತನ್ನ ದೇಶವು ಗೆಲ್ಲಬಹುದಾದ ಯುದ್ಧವನ್ನು ಬೇಡವೆಂದ ಈ ಸ್ವೀಡಿಶ್ ತರುಣನನ್ನು ದೇಶದ್ರೋಹಿಯೆನ್ನುವಿರೋ, ದೇಶಭಕ್ತನೆನ್ನುವಿರೋ? ನಾವಂತೂ ಎರಡನೆಯದನ್ನೇ ಹೇಳುವೆವು. ಕಡೆಗೆ ಸ್ವೀಡನ್ನು, "ಇದು ನಿಮ್ಮ ಸಭೆಯ ಮಾತೋ, ನಿಮ್ಮ ಜನರ ಮಾತೋ, ತೋರಿಸಿರಿ" ಎಂದಿತು. ಆಗಸ್ಟ್ 13ರಂದು ಜನಮತ ತೆಗೆದುಕೊಂಡಾಗ ಬೇರೆಯಾಗಬೇಕೆಂದವರು 368,208 ಜನರು, ಬೇಡವೆಂದವರು 184 ಜನರು. ಆ ಮೇಲೆ ಕಾರ್ಲ್‌ಸ್ಟಾಡ್ ಎಂಬ ಸ್ವೀಡಿಶ್ ಪಟ್ಟಣದಲ್ಲಿ ಎರಡೂ ಕಡೆಯವರು ಕೂಡಿ ಸಪ್ಟಂಬರ 23ರಂದು ಕರಾರು ಮಾಡಿಕೊಂಡರು. ತೆಂಕಣ ಗಡಿಯ ಎರಡೂ ಬದಿಗೆ ದಂಡು ಕಾಲಿಡಬಾರದ ಪಟ್ಟಿಯೊಂದನ್ನು ಗೊತ್ತುಮಾಡಿದರು. ನಾರ್ವೆಯವರು ಹಣ ಸುರಿದು ಕಟ್ಟಿದ ಹೊಸ ಕೋಟೆಗಳನ್ನು ತಾವೇ ಕೆಡವಲೊಪ್ಪಿದರು. ಮುಂದೆ ಬರುವ ಜಗಳಗಳನ್ನು ಹೇಗ್ ಪಟ್ಟಣದ ಪಂಚಾಯತಿಗೆ ಒಪ್ಪಿಸಬೇಕೆಂದು ಬರೆದುಕೊಂಡರು.

ಜಗಳವೂ ಬೇಗ ಬಂದಿತು. ಸಮುದ್ರದಲ್ಲಿ ಗ್ರಿಸ್‌ಬೋಡಾರ್ನ ಎಂಬ ಬಂಡೆಗಳ ದಿಬ್ಬವಿದೆ. ಅಲ್ಲಿ ಸಮುದ್ರದ ದೊಡ್ಡ ಸಿಗಡಿಗಳು ವಿಪುಲ. ಅವು ಯಾರವು? ಹೇಗಿನ ಪಂಚರು 1909ರಲ್ಲಿ ಹೆಚ್ಚಿನ ಪಾಲನ್ನು ಸ್ವೀಡನ್ನಿಗೆ ಕೊಟ್ಟರು. ನಾರ್ವೆಯು ಒಪ್ಪಿಕೊಂಡಿತು. ನಾಲ್ಕೇ ವರುಷಗಳ ಹಿಂದೆ ಪ್ರಾಣ ಕೊಡುವೆವೆಂದು ಗಡಿಯಲ್ಲಿ ನಿಂತ ಜನವು ಕೋರ್ಟಿನಲ್ಲಿ ಸೋತು ಮನೆಗೆ ಹೋಯಿತು! ಪೂರ್ವ ಗ್ರೀನ್‌ಲಂಡಿನ ವಿಷಯದಲ್ಲಿಯೂ ಹಾಗೆಯೇ. 1931ರಲ್ಲಿ ದುರಾಶೆಯಿಂದ ಅಲ್ಲಿ ಬಾವುಟ ನೆಟ್ಟರು. ಅಂತರರಾಷ್ಟ್ರೀಯ ನ್ಯಾಯಾಲಯವು 1933ರಲ್ಲಿ ಅದು ಡೆನ್ಮಾರ್ಕಿನದೆಂದು ತೀರ್ಪು ಕೊಡಲು, ಕಿತ್ತುಕೊಂಡು ಬಂದರು. ರಾಷ್ಟ್ರಾಭಿಮಾನದಿಂದ ಯುದ್ಧವೇ ಹುಟ್ಟಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ನಮಗೆ ಬೇಡ.

ಆ 368,208 ಜನರಲ್ಲಿ ಒಬ್ಬ ಹೆಂಗಸೂ ಇರಲಿಲ್ಲವೆಂಬುದನ್ನು ಹೇಳದೆ ಬಿಟ್ಟರೆ ಸೋದರಿಯರು ನಮ್ಮನ್ನು ಕ್ಷಮಿಸಲಾರರು. ಮತ ಕೊಡುವ ಹಕ್ಕು ಗಂಡಸರಿಗೆ ಮಾತ್ರ ಇತ್ತು. ನಾರ್ವೆಯ ಹೆಂಗಸರು ತಾವಾಗಿಯೇ ಊರೂರು ತಿರುಗಿ ಎರಡು ಲಕ್ಷಕ್ಕೆ ಮಿಕ್ಕಿ ಸಹಿಗಳನ್ನು ಕೂಡಿಸಿ, ನಾವೂ ಈ ರಾಷ್ಟ್ರದವರೆಂದು ಸ್ಟೋರ್ಟಿಂಗಿನ ಮುಂದಿಟ್ಟರು. 1913ರಲ್ಲಿ ಅವರಿಗೆಲ್ಲ ಮತದ ಹಕ್ಕು ಬಂದಿತು. ರಾಷ್ಟ್ರದ ಹೆಸರಿನಿಂದಲೇ ಸಮತೆಯನ್ನು ಕೇಳಿದರು, ಪಡೆದರು. ಇದೂ ರಾಷ್ಟ್ರಾಭಿಮಾನದ ಜಮಾ ಬದಿಗೆ ಬರೆಯತಕ್ಕದ್ದು.

ಈಗ ಖರ್ಚಿನ ಬದಿಗೆ ಹೊರಳಬೇಕು. ಅದಕ್ಕಿಂತ ಮುಂಚೆ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುವೆವು.

ನಾವು ಹೊಸದಾಗಿ ವಕೀಲಿ ಆರಂಭಿಸಿದ ದಿನಗಳಲ್ಲಿ, ಹಳ್ಳಿಯೊಂದರ ಅಣ್ಣತಮ್ಮಂದಿರ ಜಗಳವು ನಮ್ಮ ಕಡೆಗೆ ಬಂದಿತು. ಕೊಡಲಿ ಎತ್ತುವ ಮಟ್ಟಕ್ಕೆ ಹೋಗಿದ್ದರು. ನಾವು ಅವರನ್ನು ಕೂಡಿಸಿ, ಮೂರು ದಿನ ಅವರ ಪಡಸಾಲೆಯಲ್ಲಿಯೇ ಕುಳಿತು, ಕೋರ್ಟಿನ ಮೆಟ್ಟಿಲು ಹತ್ತಿಸದೆ ವಾಟಣಿಪತ್ರವನ್ನು ಬರೆಸಿದೆವು. ಹೊಲಕ್ಕೆ ಬದು ಹಾಕಿಸಿದೆವು. ಬಾವಿಯ ನೀರಿಗೆ ಪಾಳಿ ಗೊತ್ತುಮಾಡಿದೆವು. ನಡುಬದುವಿನ ಮಾವಿನ ಗಿಡದ ಹಣ್ಣು ಒಂದು ವರುಷ ಅಣ್ಣನಿಗೆ, ಒಂದು ವರುಷ ತಮ್ಮನಿಗೆ ಎಂದು ಬರೆದೆವು. ಇಬ್ಬರೂ ಕಣ್ಣೀರು ಹಾಕಿ ತಬ್ಬಿಕೊಂಡರು. ನಮಗೂ ಎದೆ ಉಬ್ಬಿತು. ಕಾಗದವನ್ನು ಮಡಚುವ ಹೊತ್ತಿಗೆ, ಹಿತ್ತಲ ಕೋಣೆಯಿಂದ ವೃದ್ಧೆಯೊಬ್ಬಳು ಬಾಗಿಲು ಹಿಡಿದು ಬಂದು ನಿಂತಳು. ಅವರ ಚಿಕ್ಕಪ್ಪನ ಹೆಂಡತಿ. ಚಿಕ್ಕವಯಸ್ಸಿನಲ್ಲಿಯೇ ವಿಧವೆ, ಮಕ್ಕಳಿಲ್ಲ. "ವಕೀಲರ, ಬಾವಿಗೆ ಪಾಳಿ ಹಚ್ಚಿದಿರಿ, ಮಾವಿನ ಗಿಡಕ್ಕ ಪಾಲು ಹಚ್ಚಿದಿರಿ. ನಾ ಯಾರ ಪಾಲಿಗೆ ಬಂದೆನ್ರಿ?" ಎಂದಳು. ಮೂರು ದಿನವೂ ನಮಗೆ ಅನ್ನ ಬಡಿಸಿದವಳು ಅವಳೇ. ಅವಳ ಹೆಸರು ಆ ಕಾಗದದ ಯಾವ ಸಾಲಿನಲ್ಲಿಯೂ ಇರಲಿಲ್ಲ. ನಾವು ಕಾಗದವನ್ನು ಹರಿದು ಹೊಸದಾಗಿ ಬರೆಸಿದೆವು. ಆದರೆ ಅವಳು ಕೇಳದೆ ಹೋಗಿದ್ದರೆ ನಾವು ಬರೆಸುತ್ತಿರಲಿಲ್ಲ.

ಕಾರ್ಲ್‌ಸ್ಟಾಡಿನ ವಾಟಣಿಯಲ್ಲಿಯೂ ಹಿತ್ತಲ ಕೋಣೆಯವರಿದ್ದರು. ಅವರು ಸಾಮಿ ಜನರು. ನಾರ್ವೆ, ಸ್ವೀಡನ್, ಫಿನ್‌ಲಂಡ್, ರಶಿಯಾ ಈ ನಾಲ್ಕರ ಬಡಗಣ ಭಾಗಗಳಲ್ಲಿ ಗಡಿಗಳು ಹುಟ್ಟುವ ಮೊದಲಿನಿಂದ ಇದ್ದವರು. ಕೆಲವರು ಮೀನುಗಾರರು; ಕೆಲವರು ಹಿಮಸಾರಂಗದ ಹಿಂಡುಗಳನ್ನು ಮೇಯಿಸುತ್ತ ಚಳಿಗಾಲಕ್ಕೊಂದು ಕಡೆ, ಬೇಸಿಗೆಗೊಂದು ಕಡೆ ಹೋಗುವವರು, ನಮ್ಮ ಕುರುಬರು ಮಳೆಗಾಲಕ್ಕೆ ಬಯಲುಸೀಮೆಗೆ ಹಿಂಡು ಹೊಡೆದುಕೊಂಡು ಹೋಗುವಂತೆ. ಅವರ ಭಾಷೆಗೂ ನಾರ್ವೆಯ ಭಾಷೆಗೂ ನಂಟಿಲ್ಲ. 1751ರಲ್ಲಿ ಡೆನ್ಮಾರ್ಕಿನ ಅರಸನೂ ಸ್ವೀಡನ್ನಿನ ಅರಸನೂ ಮೊದಲ ಸಾರೆ ಆ ಸೀಮೆಯಲ್ಲಿ ಗಡಿ ಹಾಕಿದಾಗ, ಕರಾರಿಗೆ ಒಂದು ಪುರವಣಿ ಜೋಡಿಸಿ, ಸಾಮಿಗಳು ತಮ್ಮ ಹಿಂಡಿನೊಡನೆ ಗಡಿಯನ್ನು ಹಿಂದಿನಂತೆಯೇ ದಾಟಬಹುದೆಂದು ಬರೆದಿದ್ದರು. ಪ್ರಜಾಸತ್ತೆಯಿಲ್ಲದ ಕಾಲದ ಕಾಗದವದು. ಜನರು ತಾವೇ ಅರಸರಾದ ಮೇಲೆ, 1905ರ ಕರಾರಿನಲ್ಲಿ, ಆ ಹಕ್ಕು ಹಿಗ್ಗಲಿಲ್ಲ, ಕುಗ್ಗಿತು. 1919ರ ಕರಾರಿನಲ್ಲಿ ಮತ್ತೂ ಕುಗ್ಗಿ, ಎಷ್ಟೋ ಸಾಮಿ ಕುಟುಂಬಗಳು ಸ್ವೀಡನ್ನಿನ ಬಡಗಣ ತುದಿಯಿಂದ ತೆಂಕಣಕ್ಕೆ ಕಿತ್ತುಹೋಗಬೇಕಾಯಿತು.

ಇದು ಹೊರಗಿನ ಮಾತಾಯಿತು. ಮನೆಯೊಳಗಿನದು ಇದಕ್ಕಿಂತ ಕಠಿಣ. ಶಿಕ್ಷಕ ಬಂಧುಗಳೇ, ಇಲ್ಲಿ ನಿಮ್ಮ ವೃತ್ತಿಯವರದೇ ಪಾತ್ರವಿದೆ. ಆದುದರಿಂದ ಸಾವಧಾನದಿಂದ ಕೇಳಬೇಕು. 1851ರಲ್ಲಿ ಸ್ಟೋರ್ಟಿಂಗ್ ಒಂದು ನಿಧಿಯನ್ನು ಸ್ಥಾಪಿಸಿತು. ಸಾಮಿ ಮಕ್ಕಳಿಗೆ ನಾರ್ವೆಯ ಭಾಷೆಯನ್ನು ಚೆನ್ನಾಗಿ ಹಚ್ಚಿದ ಮಾಸ್ತರರಿಗೆ ಆ ನಿಧಿಯಿಂದ ಪಗಾರದ ಮೇಲೆ ಇನಾಮು. 1898ರಲ್ಲಿ ಸರಕಾರದ ಸುತ್ತೋಲೆ ಹೊರಟಿತು: ಸಾಮಿಯನ್ನೂ, ಫಿನ್ನಿಶ್ ಮೂಲದ ಕ್ವೇನ್ ಜನರ ಮಾತನ್ನೂ, ಅನಿವಾರ್ಯವಾದಷ್ಟೇ ಹೊರತು ಸಾಲೆಯಲ್ಲಿ ಬಳಸಕೂಡದು. 1902ರ ನಿಯಮದಂತೆ ಫಿನ್‌ಮಾರ್ಕ್ ಜಿಲ್ಲೆಯಲ್ಲಿ ಸರಕಾರಿ ಭೂಮಿಯನ್ನು ಕೊಳ್ಳಬೇಕಾದವನು ನಾರ್ವೆಯ ಭಾಷೆಯನ್ನು ಆಡಲು, ಓದಲು, ಬರೆಯಲು ಬಲ್ಲವನಾಗಿರಬೇಕು. ಅಜ್ಜಮುತ್ತಜ್ಜರು ಹಿಂಡು ಮೇಯಿಸಿದ ನೆಲದಲ್ಲಿ ಮೊಮ್ಮಗನಿಗೆ ಕಾಗದದ ಹಕ್ಕು ಬೇಕಾದರೆ ಮೊದಲು ಬೇರೆಯವರ ಮಾತಿನಲ್ಲಿ ಪರೀಕ್ಷೆ!

ಈ ವರುಷಗಳನ್ನು ಇನ್ನೊಮ್ಮೆ ನೋಡಿರಿ. 1885ರಲ್ಲಿ ತಮ್ಮ ಹಟ್ಟಿಯ ಮಾತಿಗೆ ಸಮಾನಸ್ಥಾನ, 1898ರಲ್ಲಿ ಪಕ್ಕದ ಹಟ್ಟಿಯ ಮಾತಿಗೆ ಬಾಯಿಬೀಗ, 1905ರಲ್ಲಿ ಸ್ವಾತಂತ್ರ್ಯ. ಅಧಿಕಾರ ಬಂದ ಮೇಲೆ ಕೆಟ್ಟರು ಎನ್ನುವಂತೆಯೂ ಇಲ್ಲ. ಸ್ವೀಡನ್ನಿನ ಮುಂದೆ ಸಮತೆಯನ್ನು ಬೇಡುತ್ತಿರುವಾಗಲೇ, ಅದೇ ಸಭಾಗೃಹದಲ್ಲಿ ಕುಳಿತ ಜನರೇ ಮತ್ತೊಬ್ಬರಿಗೆ ಅದನ್ನು ಇಲ್ಲವೆಂದರು. ನಮ್ಮ ಸಂತೆಯಲ್ಲಿ ಇದಕ್ಕೆ ಕೊಳ್ಳುವದಕ್ಕೊಂದು ಕೊಳಗ, ಕೊಡುವದಕ್ಕೊಂದು ಕೊಳಗ ಎನ್ನುವರು. ಅವರು ದುಷ್ಟರಾಗಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಹಾಗಿರಲಿಲ್ಲ. ಪ್ರಜಾಸತ್ತೆಯಲ್ಲಿ ನಂಬಿಕೆಯುಳ್ಳವರು, ಸಾಲೆಗಳನ್ನು ಕಟ್ಟಿಸಿದವರು, ಆ ಮಕ್ಕಳು ಮುಂದೆ ಬರಲಿ ಎಂದು ಪ್ರಾಮಾಣಿಕವಾಗಿಯೇ ಬಯಸಿದವರು ಅವರಲ್ಲಿ ಬಹಳ ಜನರಿದ್ದರು.

ಹಾಗಾದರೆ ಏಕೆ ಹೀಗಾಯಿತು? ನಮಗೆ ತೋರುವ ಕಾರಣವು ಒಂದು. ತೆಂಕಣ ಗಡಿಯಲ್ಲಿ ಕೋಟೆಗಳನ್ನು ಕೆಡವಿದರು, ಅಲ್ಲಿ ಭಯವಿರಲಿಲ್ಲ. ಬಡಗಣ ಗಡಿಯಲ್ಲಿ ರಶಿಯಾದ ಝಾರನ ಭಯ. ಫಿನ್‌ಲಂಡೂ ಆಗ ಝಾರನ ಕೈಯಲ್ಲಿಯೇ ಇತ್ತು. ಗಡಿಯ ಆಚೆಯೂ ಈಚೆಯೂ ಒಂದೇ ಮಾತಾಡುವ ಜನರನ್ನು ಕಂಡರೆ ಸರಕಾರಕ್ಕೆ ಸಂಶಯ. ನಾಳೆ ಇವರು ಯಾರ ಕಡೆ ನಿಲ್ಲುವರು? ಆ ಸಂಶಯದಿಂದ ಹುಟ್ಟಿದ್ದು ಭಾಷೆಯ ಪರೀಕ್ಷೆ. ಮಾತು ಬದಲಾದರೆ ನಿಷ್ಠೆ ಖಾತ್ರಿಯಾಗುವದೆಂಬ ಭ್ರಮೆ. ಎಲ್ಲಿ ನೆರೆಯವನೊಡನೆ ಶಾಂತಿಯಿಲ್ಲವೋ ಅಲ್ಲಿ ಮನೆಯೊಳಗಿನ ಅಲ್ಪಸಂಖ್ಯಾಕರು ಗೂಢಚಾರರಂತೆ ಕಾಣುತ್ತಾರೆ. ಸಮತೆ ಬೇರೆ, ಶಾಂತಿ ಬೇರೆ ಎಂದು ನಾವು ಎರಡು ಪ್ರಶ್ನೆಗಳನ್ನು ಮಾಡಿ ಚರ್ಚಿಸುವದುಂಟು. ಈ ಖಟ್ಲೆಯಲ್ಲಿ ಅವೆರಡೂ ಒಂದೇ ಹಗ್ಗದ ಎರಡು ಎಳೆಗಳು.

ಸಾಮಿ ಜನರು ಬಾಗಿಲು ಹಿಡಿದು ಬಂದು ಕೇಳುವವರೆಗೆ ಕಾಗದವು ಬದಲಾಗಲಿಲ್ಲ. ಮೊದಲು ಕೇಳಿದವರಲ್ಲಿ ಮಾಸ್ತರರೇ ಮುಂದು. ಈಸಾಕ್ ಸಾಬಾ ಎಂಬ ಸಾಮಿ ಶಿಕ್ಷಕನು 1906ರಲ್ಲಿ ಸ್ಟೋರ್ಟಿಂಗಿಗೆ ಆರಿಸಿಬಂದನು. 1917ರಲ್ಲಿ ಎಲ್ಸಾ ಲೌಲಾ ಎಂಬ ಹೆಣ್ಣುಮಗಳ ಮುಂದಾಳುತನದಲ್ಲಿ ತ್ರೋಂಡ್‌ಹೈಮ್ ಪಟ್ಟಣದಲ್ಲಿ ಗಡಿಯ ಎರಡೂ ಕಡೆಯ ಸಾಮಿಗಳ ಮೊದಲ ಮಹಾಸಭೆ ಕೂಡಿತು. (ಮತ್ತೆ ಅದೇ 1917!) ಪೇರ್ ಫೋಕ್‌ಸ್ಟಾಡ್ ಎಂಬ ಇನ್ನೊಬ್ಬ ಶಿಕ್ಷಕನು 1924ರಲ್ಲಿ ಸಾಮಿ ಮಕ್ಕಳಿಗೆ ಸಾಮಿಯಲ್ಲಿಯೇ ಪಾಠವಾಗಬೇಕೆಂದು ಪೂರ್ಣ ಯೋಜನೆಯನ್ನು ಬರೆದು ಶಿಕ್ಷಣ ಸಮಿತಿಯ ಮುಂದಿಟ್ಟನು, ಸಮಿತಿಯು ತಳ್ಳಿಹಾಕಿತು. 1979ರಲ್ಲಿ ಆಲ್ತಾ ನದಿಗೆ ಅಣೆಕಟ್ಟು ಹಾಕಹೋದಾಗ ಸಾಮಿ ತರುಣರು ಓಸ್ಲೋದಲ್ಲಿ ಸ್ಟೋರ್ಟಿಂಗಿನ ಇದಿರಿಗೇ ಗುಡಾರ ಹಾಕಿ ಉಪವಾಸ ಕುಳಿತರು. ಉಪವಾಸವು ನಮ್ಮ ದೇಶದವರಿಗೆ ಪರಿಚಿತವಾದ ಆಯುಧ. ಅಣೆಕಟ್ಟೇನೋ ಆಯಿತು, ಆದರೆ ದೇಶದ ಮನಸ್ಸು ಕಲಕಿತು. 1988ರಲ್ಲಿ ರಾಜ್ಯಘಟನೆಯಲ್ಲಿಯೇ ಸಾಮಿ ಭಾಷೆ-ಸಂಸ್ಕೃತಿಗಳ ರಕ್ಷಣೆಯ ಕಲಮು ಸೇರಿತು. 1989ರಲ್ಲಿ ಸಾಮಿಗಳ ಚುನಾಯಿತ ಸಭೆಯು ಆರಂಭವಾಯಿತು. 1997ರಲ್ಲಿ ಅರಸನಾದ ಹರಾಲ್ಡನು ಆ ಸಭೆಯ ಮುಂದೆ ನಿಂತು, ನಾರ್ವೆಯ ರಾಜ್ಯವು ಎರಡು ಜನಾಂಗಗಳ ನೆಲದ ಮೇಲೆ ನಿಂತಿದೆಯೆಂದು ಒಪ್ಪಿ, ಹಿಂದಿನ ಅನ್ಯಾಯಕ್ಕಾಗಿ ಕ್ಷಮೆ ಬೇಡಿದನು. 2024ರ ನವಂಬರದಲ್ಲಿ ಸ್ಟೋರ್ಟಿಂಗ್ ಸಹ ಕ್ಷಮೆ ಬೇಡಿತು.

ಕ್ಷಮೆ ಬೇಡಿದರೆ ಎಲ್ಲವೂ ನೆಟ್ಟಗಾಯಿತೆಂದು ತಿಳಿಯಬಾರದು. ಫೋಸೆನ್ ಎಂಬ ಸೀಮೆಯಲ್ಲಿ ಗಾಳಿಯಿಂದ ವಿದ್ಯುತ್ತು ಮಾಡುವ ಯಂತ್ರಗಳನ್ನು ಸಾರಂಗದ ಹುಲ್ಲುಗಾವಲಿನಲ್ಲಿ ನೆಟ್ಟರು. ಇದು ಸಾಮಿಗಳ ಸಂಸ್ಕೃತಿಯ ಹಕ್ಕಿಗೆ ವಿರುದ್ಧ, ಪರವಾನಿಗೆಯು ಅಸಿಂಧು ಎಂದು ಅವರ ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರದಲ್ಲಿ ತೀರ್ಪು ಕೊಟ್ಟಿತು. ತೀರ್ಪು ಬಂದ ಮೇಲೆಯೂ ಯಂತ್ರಗಳು ತಿರುಗುತ್ತಲೇ ಇದ್ದವು. 2023ರಲ್ಲಿ ತರುಣರು ಮಂತ್ರಾಲಯದ ಬಾಗಿಲಲ್ಲಿ ಕುಳಿತ ಮೇಲೆ ಒಪ್ಪಂದದ ಮಾತು ವೇಗವಾಗಿ ನಡೆಯಿತು. ಡಿಕ್ರಿ ದೊರೆತರೂ ಜಾರಿಯಾಗದ ಸಂಕಟವನ್ನು ನಮ್ಮ ಕಕ್ಷಿಗಾರರು ಬಲ್ಲರು.

ಭಯವನ್ನೂ ಭಾಷೆಯನ್ನೂ ಒಟ್ಟಿಗೇ ಇತ್ಯರ್ಥ ಮಾಡಿದ ಉದಾಹರಣೆಯೂ ಆ ನೆರೆಯಲ್ಲಿಯೇ ಇದೆ. ಸ್ವೀಡನ್ನಿಗೂ ಫಿನ್‌ಲಂಡಿಗೂ ನಡುವೆ ಓಲಂಡ್ ಎಂಬ ದ್ವೀಪಗಳಿವೆ. ಜನರ ಮಾತು ಸ್ವೀಡಿಶ್. 1917ರ ಡಿಸೆಂಬರದಲ್ಲಿ ಫಿನ್‌ಲಂಡು ರಶಿಯಾದಿಂದ ಸ್ವತಂತ್ರವಾಯಿತು. ನಾವು ಸ್ವೀಡನ್ನಿಗೆ ಸೇರುವೆವೆಂದರು ದ್ವೀಪದವರು, ಬಿಡೆವೆಂದಿತು ಫಿನ್‌ಲಂಡು. ನಿನ್ನೆ ತಾನೇ ಸ್ವಯಂನಿರ್ಣಯದ ಮಂತ್ರ ಜಪಿಸಿದ ದೇಶವು ಇಂದು ಅದೇ ಮಂತ್ರಕ್ಕೆ ಕಿವಿ ಮುಚ್ಚಿಕೊಂಡಿತು. ಯುದ್ಧಕ್ಕೆ ಹೋಗದೆ ರಾಷ್ಟ್ರಸಂಘಕ್ಕೆ ಹೋದರು. 1921ರಲ್ಲಿ ಸಂಘವು ಕೊಟ್ಟ ನಿರ್ಣಯವಿದು: ದ್ವೀಪಗಳು ಫಿನ್‌ಲಂಡಿನವು, ಆದರೆ ಸಾಲೆಯ ಭಾಷೆ ಸ್ವೀಡಿಶ್ ಆಗಿಯೇ ಇರತಕ್ಕದ್ದು, ಭೂಮಿಯು ಹೊರಗಿನವರ ಕೈಗೆ ಹರಿದುಹೋಗದಂತೆ ಕಟ್ಟುಪಾಡು, ಒಳಾಡಳಿತ ಅವರದೇ, ಮತ್ತು ಅಲ್ಲಿ ಯಾರೂ ದಂಡು ಇಡಕೂಡದು, ಕೋಟೆ ಕಟ್ಟಕೂಡದು. ಯಾವ ಪಕ್ಷಕ್ಕೂ ಕೇಳಿದ್ದೆಲ್ಲ ಸಿಗಲಿಲ್ಲ. ದ್ವೀಪದವರು ಅಂದು ಅತ್ತರು. ಆದರೆ ನೂರು ವರುಷ ಕಳೆದರೂ ಆ ಏರ್ಪಾಡು ನಿಂತಿದೆ. ದ್ವೀಪದ ಮಕ್ಕಳು ಸ್ವೀಡಿಶ್ ಮಾತಿನಲ್ಲಿಯೇ ಕಲಿಯುತ್ತಿದ್ದಾರೆ. ಮಾತಿಗೆ ಖಾತ್ರಿಯೂ ಆಯುಧಕ್ಕೆ ನಿಷೇಧವೂ ಒಟ್ಟಿಗೇ ಸಿಕ್ಕುದರಿಂದ ಫಿನ್‌ಲಂಡಿಗೆ ಅವರ ಮೇಲೆ ಸಂಶಯಪಡುವ ಕಾರಣವೇ ಉಳಿಯಲಿಲ್ಲ.

ಅವು ಸಣ್ಣ ದೇಶಗಳು, ನಮ್ಮದು ಖಂಡದಂಥ ದೇಶ, ಹೋಲಿಕೆ ಹೇಗೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಹೋಲಿಕೆಯು ಎಲ್ಲ ಕಡೆಗೂ ಹೊಂದುವದಿಲ್ಲ. ನಮ್ಮ ಹಿತ್ತಲ ಕೋಣೆಯು ಭಾಷೆಯದಕ್ಕಿಂತ ಹೆಚ್ಚಾಗಿ ಜಾತಿಯದು. ದೇಶಕ್ಕೆ ಸ್ವರಾಜ್ಯ ಬೇಡುತ್ತಿದ್ದ ಕಾಲದಲ್ಲಿಯೇ, 1927ರ ಮಾರ್ಚಿನಲ್ಲಿ, ಮಹಾಡದ ಕೆರೆಯ ನೀರನ್ನು ಕುಡಿಯುವದಕ್ಕೆ ಅಂಬೇಡಕರರು ಸತ್ಯಾಗ್ರಹ ಮಾಡಬೇಕಾಯಿತು, ತಡೆದವರು ಆಂಗ್ಲರಲ್ಲ. ರಾಜ್ಯಘಟನೆಯು ಸಿದ್ಧವಾದಾಗ, 1949ರ ನವಂಬರ 25ರಂದು, ಮತದಲ್ಲಿ ಸಮತೆ, ಬಾಳಿನಲ್ಲಿ ಅಸಮತೆ ಎಂಬ ವಿರೋಧವನ್ನು ಬೇಗ ತೊಲಗಿಸದಿದ್ದರೆ ಕಟ್ಟಿದ್ದೆಲ್ಲ ಕುಸಿಯುವದೆಂದು ಎಚ್ಚರಿಕೆ ಕೊಟ್ಟವರೂ ಅವರೇ. ಆ ದಿನ ಅವರನ್ನು ರಾಷ್ಟ್ರದ ಉತ್ಸವಕ್ಕೆ ಅಪಸ್ವರ ತೆಗೆದವರೆಂದು ಯಾರಾದರೂ ಅಂದುಕೊಂಡಿದ್ದರೆ, ಬಾಗಿಲು ಹಿಡಿದು ನಿಂತ ಆ ವೃದ್ಧೆಯನ್ನೂ ಹಾಗೆಯೇ ಅನ್ನಬೇಕಾಗುವದು.

ಕನ್ನಡನಾಡಿನ ಮಾತಿಗೆ ಬರೋಣ. 1956ರ ನವಂಬರ 1ರಂದು ನಮಗೆ ಒಂದು ಪ್ರಾಂತ ದೊರೆಯಿತು. ಇದಕ್ಕಾಗಿ ದುಡಿದವರ ಋಣವು ತೀರತಕ್ಕದ್ದಲ್ಲ. ಭಾಷಾವಾರು ಪ್ರಾಂತಗಳನ್ನು ರಚಿಸುವದಕ್ಕಾಗಿ ರಾಜ್ಯಘಟನೆಗೆ ಏಳನೆಯ ತಿದ್ದುಪಡಿ ಆಯಿತೆಂಬುದು ನಿಮಗೆಲ್ಲ ಗೊತ್ತು. ಅದೇ ತಿದ್ದುಪಡಿಯಲ್ಲಿ, ಅದೇ ಕಾಗದದಲ್ಲಿ, 350-ಎ ಎಂಬ ಕಲಮೂ ಸೇರಿತೆಂಬುದು ಎಷ್ಟು ಜನರಿಗೆ ಗೊತ್ತಿದೆ? ಭಾಷಾ ಅಲ್ಪಸಂಖ್ಯಾಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿಮಾತಿನಲ್ಲಿ ಕಲಿಯುವ ಅನುಕೂಲತೆಯನ್ನು ಪ್ರತಿಯೊಂದು ಪ್ರಾಂತವೂ ಒದಗಿಸಲು ಯತ್ನಿಸಬೇಕೆಂದು ಆ ಕಲಮು ಹೇಳುತ್ತದೆ. ಪ್ರಾಂತವು ನಮ್ಮ ಪಾಲಿಗೆ ಬಂದ ಹೊಲ. ಈ ಕಲಮು ಅದರೊಡನೆ ಬಂದ ಹೊಣೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವದಕ್ಕೆ ಯಾವ ಕಾಯದೆಯೂ ಒಪ್ಪದು.

ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಅಲ್ಲಿಯ ಕನ್ನಡ ಸಾಲೆಗೆ ಕನ್ನಡ ಬಾರದ ಮಾಸ್ತರನನ್ನು ಕಳಿಸಿದರೆ ನಮ್ಮ ರಕ್ತ ಕುದಿಯುತ್ತದೆ, ಕುದಿಯಬೇಕು. ನಮ್ಮ ಗಡಿತಾಲೂಕಿನ ಮರಾಠಿ ಅಥವಾ ತೆಲುಗು ಸಾಲೆಯಲ್ಲಿ ಮಾಸ್ತರನ ಜಾಗೆಯು ಖಾಲಿ ಬಿದ್ದಿದೆಯೆಂದು ಕೇಳಿದರೆ ಅಷ್ಟೇ ಕುದಿಯುವದೇ? ಕೊಂಕಣಿಯು 1992ರಲ್ಲಿ ರಾಜ್ಯಘಟನೆಯ ಎಂಟನೆಯ ಅನುಸೂಚಿಗೆ ಸೇರಿತು. ತುಳುವರೂ ಕೊಡವರೂ ಅದನ್ನೇ ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಅವರ ಪರವಾಗಿ ಕನ್ನಡಿಗರೇ ಮೊದಲು ಅರ್ಜಿ ಬರೆದರೆ ಕನ್ನಡದ ಮಾನವೇನು ಕಡಿಮೆಯಾಗುವದು? ಬೆಳಗಾವಿಯ ವಿಷಯದಲ್ಲಿ ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿಗೆ ಹೋಯಿತು. ದಾವೆಯಲ್ಲಿ ನಮ್ಮ ಪಕ್ಷವೇ ನ್ಯಾಯವಾದದ್ದೆಂದು ನಾವು ನಂಬುತ್ತೇವೆ. ಆದರೆ ಗಡಿಯಲ್ಲಿ ಬಸ್ಸಿನ ಹಲಗೆಗೆ ಮಸಿ ಬಳಿಯುವವರು, ಆಚೆಯವರಿರಲಿ ಈಚೆಯವರಿರಲಿ, ನ್ಯಾಯದ ಪಕ್ಷಕ್ಕೆ ಒಂದು ಕೂದಲೆಳೆಯಷ್ಟೂ ಬಲ ತಂದುಕೊಡಲಿಲ್ಲ. ಅವರು ತಂದದ್ದು ಸಂಶಯವನ್ನು. ಸಂಶಯದ ಹಿಂದಿನಿಂದ ಏನ್ ಬರುವದೆಂಬುದನ್ನು ಫಿನ್‌ಮಾರ್ಕಿನಲ್ಲಿ ಕಂಡೆವು.

ಇನ್ನು ಹೊಸ್ತಿಲಲ್ಲಿ ನಿಂತ ತರುಣ ಮಾಸ್ತರರಿಗೆ ನಮ್ಮ ಬಾಕಿ. ಮಹಾಶಯರೇ, ಜಯಘೋಷವನ್ನು ನಿಲ್ಲಿಸಬೇಡಿರಿ. ನಾಡನ್ನು ಪ್ರೀತಿಸದ ಮಗುವು ಜಗತ್ತನ್ನು ಪ್ರೀತಿಸೀತೆಂಬ ನಂಬಿಕೆ ನಮಗಿಲ್ಲ. ಆದರೆ ಘೋಷಕ್ಕಿಂತ ಮೊದಲು ಆ ನಾಲ್ಕೈದು ಮಕ್ಕಳನ್ನು ಮುಂದೆ ಕರೆದು, ಅವರ ಮನೆಯ ಮಾತಿನಲ್ಲಿ ಒಂದು ಹಾಡನ್ನು ಹಾಡಿಸಿರಿ. ಉಳಿದವರು ಕುಳಿತು ಕೇಳಲಿ. ಮಕ್ಕಳಿಗೆ ನಾಚಿಕೆಯಾದರೆ ಅವರ ತಾಯಂದಿರನ್ನೇ ಕರೆಯಿಸಿರಿ. ಆ ಮೇಲೆ ಘೋಷ ಮಾಡಿಸಿ, ದನಿ ಬರುವದೋ ಇಲ್ಲವೋ ನಮಗೆ ಬರೆದು ತಿಳಿಸಿರಿ. ಬಾರದಿದ್ದರೆ ಆಗ ಮತ್ತೆ ವಿಚಾರ ಮಾಡೋಣ; ನಮಗೂ ಎಲ್ಲದಕ್ಕೂ ಉತ್ತರ ಗೊತ್ತಿಲ್ಲ.

ಮಿಕ್ಕ ಶಿಕ್ಷಕ ಬಂಧುಗಳಲ್ಲಿ ಒಂದು ಬಿನ್ನಹ. ನಿಮ್ಮ ನಿಮ್ಮ ಸಾಲೆಯ ದಾಖಲೆಯಲ್ಲಿ ಮನೆಮಾತು ಎಂಬ ಅಂಕಣವನ್ನು ಅನೇಕರು ಮಕ್ಕಳನ್ನು ಕೇಳದೆಯೇ ತುಂಬುತ್ತೀರೆಂದು ಕೇಳಿದ್ದೇವೆ. ಈ ವರುಷ ಕೇಳಿ ತುಂಬಿರಿ. ಯಾವ ತಾಲೂಕಿನಲ್ಲಿ ಯಾವ ಮಾತಿನ ಮಕ್ಕಳು ಎಷ್ಟು, ಅವರಿಗೆ ಆ ಮಾತಿನ ಸಾಲೆ ಎಷ್ಟು ದೂರದಲ್ಲಿದೆ, ಅಲ್ಲಿ ಮಾಸ್ತರರು ಇದ್ದಾರೆಯೋ ಇಲ್ಲವೋ, ಇಷ್ಟನ್ನು ಬರೆದು ಈ ಸಂಘದ ಕಾರ್ಯದರ್ಶಿಗಳಿಗೆ ಕಳಿಸಿಕೊಡಿರಿ. 350-ಎ ಕಲಮಿನ ಮೇರೆಗೆ ಸರಕಾರಕ್ಕೆ ಮಾಡಬೇಕಾದ ಅರ್ಜಿಯ ಮಸೂದೆಯನ್ನು ನಾವು ಶುಲ್ಕವಿಲ್ಲದೆ ಬರೆದುಕೊಡುವೆವು. ಅರ್ಜಿದಾರರ ಸಹಿಯ ಜಾಗೆಯಲ್ಲಿ ಮೊದಲ ಹತ್ತು ಹೆಸರುಗಳು ಕನ್ನಡಿಗರವಾಗಿರಲಿ.